ಮುಂಬೈ ಪೊಲೀಸ್ ಭರ್ತಿ: ಮೈದಾನಕ್ಕೆ ಮೊದಲು ಕಾಗದ, ಖಾಕಿಯ ನಂತರ ಠಾಣೆ

ಪೊಲೀಸ್ ಭರ್ತಿಯ ಜಾಹೀರಾತು ಬಂತೆಂದರೆ ಹುಡುಗರು ಬೂಟಿನ ದಾರ ಬಿಗಿದು ಮೈದಾನಕ್ಕೆ ಓಡುತ್ತಾರೆ. ಆದರೆ ಮೊದಲು ಹೋಗಬೇಕಾದದ್ದು ಸರ್ಕಾರಿ ಪ್ರಮಾಣಪತ್ರಗಳಿಗೆ ಅರ್ಜಿ ಹಾಕುವ ಸೇತು ಕೇಂದ್ರಕ್ಕೆ. ಉಡುಪಿ, ಮಂಗಳೂರು, ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಮುಂಬೈಯಲ್ಲಿ ನೆಲೆನಿಂತ ಕನ್ನಡ ಮನೆಗಳ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಓಟದಲ್ಲಿ ಗೆದ್ದು, ಲಿಖಿತ ಪರೀಕ್ಷೆಯಲ್ಲೂ ದಾಟಿ, ಕೊನೆಗೆ ದಾಖಲೆ ತಪಾಸಣೆಯ ಮೇಜಿನ ಎದುರು ಹೆಸರು ಹೊಡೆದುಹೋಗುವುದು ಬಹಳ ನೋವಿನ ಸಂಗತಿ. ಮೊದಲೇ ತಿಳಿದಿದ್ದರೆ ತಪ್ಪಿಸಬಹುದಾದ ನೋವೂ ಹೌದು.

ಮುಂಬೈ ಪೊಲೀಸ್ ದಳದೊಳಗೆ ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. 12ನೇ ತರಗತಿ ಮುಗಿಸಿದವರು ಶಿಪಾಯಿ, ಅಂದರೆ ಕಾನ್‌ಸ್ಟೇಬಲ್ ಆಗಿ ಸೇರುತ್ತಾರೆ. ಪದವೀಧರರು ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಪಿಎಸ್‌ಐ ಆಗಬಹುದು. ಅವರ ತರಬೇತಿ ನಾಸಿಕದ ಮಹಾರಾಷ್ಟ್ರ ಪೊಲೀಸ್ ಅಕಾಡೆಮಿಯಲ್ಲಿ ನಡೆಯುತ್ತದೆ. ಮೂರನೆಯದು ಕೇಂದ್ರ ಲೋಕಸೇವಾ ಆಯೋಗದ ಮೂಲಕ ಐಪಿಎಸ್. ಇಲ್ಲಿ ವಿವರಿಸುತ್ತಿರುವುದು ಮೊದಲ ದಾರಿಯನ್ನು, ಏಕೆಂದರೆ ನಗರದ ದಳದಲ್ಲಿ ಅತಿ ಹೆಚ್ಚು ಜನ ಇರುವುದು ಈ ಹಂತದಲ್ಲಿ, ಜನರ ಎದುರು ಮೊದಲು ನಿಲ್ಲುವವರೂ ಇವರೇ.

ಇನ್ನೊಂದು ವಿಷಯ ಅರ್ಜಿ ತುಂಬುವ ಮೊದಲೇ ಗೊತ್ತಿರಬೇಕು. ನಾವು ವಾಡಿಕೆಯಲ್ಲಿ ಮುಂಬೈ ಎನ್ನುವ ಊರು ಪೊಲೀಸ್ ಲೆಕ್ಕದಲ್ಲಿ ಒಂದಲ್ಲ. ಮುಂಬೈ ನಗರ, ಥಾಣೆ ನಗರ, ನವಿ ಮುಂಬೈ, 2020ರಲ್ಲಿ ಆರಂಭವಾದ ಮೀರಾ-ಭಾಯಂದರ್ ವಸಯಿ-ವಿರಾರ್ ಇವೆಲ್ಲ ಬೇರೆ ಬೇರೆ ಆಯುಕ್ತಾಲಯಗಳು. ಲೋಕಲ್ ರೈಲು ಮತ್ತು ನಿಲ್ದಾಣಗಳ ಅಪರಾಧ ನೋಡುವ ಮುಂಬೈ ರೈಲ್ವೆ ಪೊಲೀಸ್ ಮತ್ತೊಂದು ಆಯುಕ್ತಾಲಯ. ಪ್ರತಿಯೊಂದಕ್ಕೂ ತನ್ನದೇ ಹುದ್ದೆಗಳ ಸಂಖ್ಯೆ, ತನ್ನದೇ ಮೆರಿಟ್ ಪಟ್ಟಿ. ಒಂದೇ ಹುದ್ದೆಗೆ ಎರಡು ಘಟಕಗಳಲ್ಲಿ ಅರ್ಜಿ ಹಾಕಿದರೆ ಅನರ್ಹರಾಗುವ ಅಪಾಯವಿದೆ. ಶಿಪಾಯಿ ಹುದ್ದೆಗೆ ಒಂದು, ಚಾಲಕ ಶಿಪಾಯಿ ಹುದ್ದೆಗೆ ಒಂದು, ರಾಜ್ಯ ಮೀಸಲು ಪೊಲೀಸ್ ದಳಕ್ಕೆ ಒಂದು ಹೀಗೆ ಬೇರೆ ಬೇರೆ ಹುದ್ದೆಗಳಿಗೆ ಹಾಕಬಹುದು. ಎಲ್ಲೆಲ್ಲಿ ಹಾಕಿದರೆ ಎಲ್ಲಾದರೂ ಒಂದು ಕಡೆ ಸಿಗುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

ಕಾಗದಗಳ ಕಥೆ

ವಯಸ್ಸು ಸಾಮಾನ್ಯ ವರ್ಗಕ್ಕೆ 18ರಿಂದ 28, ಮೀಸಲು ವರ್ಗಕ್ಕೆ 33ರವರೆಗೆ. ಚಾಲಕ ಹುದ್ದೆಗೆ ಕನಿಷ್ಠ 19. ಯಾವ ದಿನಾಂಕಕ್ಕೆ ಈ ವಯಸ್ಸನ್ನು ಲೆಕ್ಕ ಹಾಕುತ್ತಾರೆ ಎಂಬುದು ಆಯಾ ಜಾಹೀರಾತಿನಲ್ಲಿ ಇರುತ್ತದೆ. ವಿದ್ಯಾರ್ಹತೆ 12ನೇ ತರಗತಿ ಅಥವಾ ತತ್ಸಮಾನ. ಬ್ಯಾಂಡ್ಸ್‌ಮನ್ ಹುದ್ದೆಗೆ ಮಾತ್ರ 10ನೇ ತರಗತಿ ಸಾಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದುವ ಪರಂಪರೆ ಮುಂಬೈ ಕನ್ನಡಿಗರಲ್ಲಿ ದೊಡ್ಡದು. ಹಾಗೆ ಓದಿ ಮಂಡಳಿಯ ಪರೀಕ್ಷೆ ಪಾಸಾದವರ ಪ್ರಮಾಣಪತ್ರಕ್ಕೂ ಹಗಲು ಕಾಲೇಜಿನವರ ಪ್ರಮಾಣಪತ್ರಕ್ಕೂ ಇಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ತೊಡಕು ಶುರುವಾಗುವುದು ಅಧಿವಾಸ ಪ್ರಮಾಣಪತ್ರದಲ್ಲಿ, ಜನರ ಬಾಯಲ್ಲಿ ಡೊಮಿಸೈಲ್. ಮಹಾರಾಷ್ಟ್ರದಲ್ಲಿ ಸತತ 15 ವರ್ಷ ವಾಸವಿದ್ದುದಕ್ಕೆ ಪುರಾವೆ ಕೊಟ್ಟು ಇದನ್ನು ಪಡೆಯಬೇಕು. ಇಲ್ಲೇ ಹುಟ್ಟಿ ಇಲ್ಲೇ ಓದಿದವರಿಗೆ ಜನನ ಪ್ರಮಾಣಪತ್ರ, ಶಾಲೆ ಬಿಟ್ಟ ದಾಖಲೆ, ಪಡಿತರ ಚೀಟಿ ಸೇರಿಸಿದರೆ ಕೆಲಸ ಆಗುತ್ತದೆ. ಆದರೆ ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಮಗು ಹುಟ್ಟಿದ್ದು ಕುಂದಾಪುರದಲ್ಲಿ, ಒಂದನೇ ಎರಡನೇ ತರಗತಿ ಅಜ್ಜಿಯ ಮನೆಯಲ್ಲಿ, ಆಮೇಲೆ ಭಾಂಡುಪ್ ಅಥವಾ ಡೊಂಬಿವಿಲಿಯ ಶಾಲೆ. ಹೀಗಿದ್ದಾಗ ಇಲ್ಲಿನ ವಾಸದ ಸರಣಿ ಕಡಿದು ಹೋಗುತ್ತದೆ. ನಡುವಿನ ವರ್ಷಗಳಿಗೆ ಶಾಲಾ ದಾಖಲೆ, ವಿದ್ಯುತ್ ಬಿಲ್, ಬಾಡಿಗೆ ಕರಾರು, ತಂದೆಯ ಕೆಲಸದ ದಾಖಲೆ ಜೋಡಿಸಿ ವರ್ಷದಿಂದ ವರ್ಷಕ್ಕೆ ಕೊಂಡಿ ಹಾಕಬೇಕು. ಜಾಹೀರಾತು ಬಂದ ಮೇಲೆ ಇದನ್ನು ಶುರು ಮಾಡಿದರೆ ಕೊನೆಯ ದಿನಾಂಕ ಕಾಯುವುದಿಲ್ಲ. 11ನೇ ತರಗತಿಯಲ್ಲಿರುವಾಗಲೇ ಮಾಡಿಸಿ ಇಡುವುದು ಜಾಣತನ.

ಅದಕ್ಕಿಂತ ದೊಡ್ಡ ತೊಡಕು ಜಾತಿ ಪ್ರಮಾಣಪತ್ರದ್ದು. ಕರ್ನಾಟಕದ ತಹಶೀಲ್ದಾರರು ಕೊಟ್ಟ ಪತ್ರದಿಂದ ಮಹಾರಾಷ್ಟ್ರದ ಮೀಸಲಾತಿ ಸಿಗುವುದಿಲ್ಲ. ಒಂದು ರಾಜ್ಯದ ಪಟ್ಟಿಯಲ್ಲಿರುವ ಜಾತಿಯವರು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಅದೇ ಸೌಲಭ್ಯ ತಾನಾಗಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳು 1990ರಲ್ಲಿ ಹೇಳಿ 2018ರಲ್ಲಿ ಮತ್ತೆ ಎತ್ತಿಹಿಡಿದಿವೆ. ಮಹಾರಾಷ್ಟ್ರದ ನಿಯಮದ ಪ್ರಕಾರ ನೋಡುವುದು ಅರ್ಜಿದಾರರ ಹಿರಿಯರು ಒಂದು ನಿರ್ದಿಷ್ಟ ದಿನ ಈ ರಾಜ್ಯದ ನಿವಾಸಿಗಳಾಗಿದ್ದರೇ ಎಂಬುದನ್ನು. ಪರಿಶಿಷ್ಟ ಜಾತಿಗೆ ಆ ದಿನ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಜಾತಿ ಮತ್ತು ಅಲೆಮಾರಿ ಪಂಗಡಗಳಿಗೆ 1961ರ ನವೆಂಬರ್ 21, ಇತರೆ ಹಿಂದುಳಿದ ವರ್ಗಕ್ಕೆ 1967ರ ಅಕ್ಟೋಬರ್ 13. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೂ ರಾಜ್ಯ ಸರ್ಕಾರ 1967ರ ಅದೇ ದಿನಾಂಕವನ್ನು ಇಟ್ಟುಕೊಂಡಿದೆ.

ಹಾಗಾಗಿ ಅಜ್ಜ 1940ರ ದಶಕದಲ್ಲೇ ಗಿರಣಿಗೆ, ಬಂದರಿಗೆ ಅಥವಾ ಫೋರ್ಟಿನ ಹೋಟೆಲಿಗೆ ಬಂದು ಸೇರಿದ್ದರೆ ಮೊಮ್ಮಗನಿಗೆ ದಾರಿ ಇದೆ. ಅದನ್ನು ತೋರಿಸಲು ಅಜ್ಜನ ಅಥವಾ ಅವರ ಮಕ್ಕಳ ಪಾಲಿಕೆ ಶಾಲೆಯ ದಾಖಲೆ, ಪಾಲಿಕೆಯ ಜನನ-ಮರಣ ನೋಂದಣಿ, ಗಿರಣಿಯ ನೌಕರಿ ಪುಸ್ತಕ, ಹಳೆಯ ಬಾಡಿಗೆ ರಶೀದಿ ಇಂಥವು ಬೇಕು. 1970ರ ನಂತರ ಬಂದ ಮನೆಯವರು ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕಾಗುತ್ತದೆ. ಇನ್ನೊಂದು ಮಾತು: ಎರಡು ರಾಜ್ಯಗಳ ಪಟ್ಟಿ ಒಂದೇ ಅಲ್ಲ. ಲಂಬಾಣಿಗರು ಮತ್ತು ವಡ್ಡರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅರ್ಜಿಯಲ್ಲಿ ಊರಿನ ಅಭ್ಯಾಸದಂತೆ ಪರಿಶಿಷ್ಟ ಜಾತಿ ಎಂದು ಗುರುತು ಹಾಕಿದರೆ ಆಮೇಲೆ ತಿದ್ದಲು ಬರುವುದಿಲ್ಲ.

ಜಾತಿ ಪ್ರಮಾಣಪತ್ರದ ಜೊತೆ, ಅದು ಸರಿ ಎಂದು ಪರಿಶೀಲಿಸಿ ಕೊಡುವ ಜಾತಿ ವೈಧತಾ ಪ್ರಮಾಣಪತ್ರ ಬೇಕಾಗುತ್ತದೆ. ಅನ್ವಯವಾಗುವ ವರ್ಗದವರಿಗೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರವೂ ಬೇಕು. ಇವುಗಳ ಮೇಲಿನ ದಿನಾಂಕವನ್ನು ತುಂಬಾ ಎಚ್ಚರದಿಂದ ನೋಡಬೇಕು. ಅರ್ಜಿಯ ಕೊನೆಯ ದಿನದ ನಂತರ ಪಡೆದ ಪತ್ರ, ಅಥವಾ ಅವಧಿ ಮುಗಿದ ಪತ್ರ ತಂದವರನ್ನು ಸಾಮಾನ್ಯ ವರ್ಗಕ್ಕೆ ಸರಿಸುತ್ತಾರೆ, ಇಲ್ಲವೇ ಕೈಬಿಡುತ್ತಾರೆ.

ಹೆಸರಿನ ವಿಷಯವೂ ಚಿಕ್ಕದಲ್ಲ. ಕರ್ನಾಟಕದ ಶಾಲಾ ದಾಖಲೆಯಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಮಾತ್ರ ಇರುತ್ತದೆ, ಮುಂಬೈಯ ದಾಖಲೆ ಹೆಸರು, ತಂದೆಯ ಹೆಸರು, ಉಪನಾಮ ಎಂಬ ಕ್ರಮ ಕೇಳುತ್ತದೆ. ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ಮನೆತನದ ಹೆಸರು, ಆಧಾರ್‌ನಲ್ಲಿ ಮೂರನೆಯದು. ಎಲ್ಲವನ್ನೂ 10ನೇ ತರಗತಿಯ ಅಂಕಪಟ್ಟಿಯಲ್ಲಿರುವಂತೆ ಸರಿಮಾಡಿಸಿಕೊಳ್ಳುವುದು ಸುಲಭದ ದಾರಿ. ಅದಾಗದಿದ್ದರೆ ಮಹಾರಾಷ್ಟ್ರ ಸರ್ಕಾರದ ರಾಜಪತ್ರದಲ್ಲಿ ಹೆಸರು ಬದಲಾವಣೆ ಪ್ರಕಟಿಸಿ ಆ ಪ್ರತಿಯನ್ನು ಇಟ್ಟುಕೊಳ್ಳಬೇಕು.

ಮದುವೆಯಾದವರಿಗೆ ಒಂದು ಷರತ್ತು: 2005ರ ಚಿಕ್ಕ ಕುಟುಂಬ ನಿಯಮದಂತೆ 2006ರ ಮಾರ್ಚ್ 28ರ ನಂತರದ ಜನನದಿಂದ ಮಕ್ಕಳ ಸಂಖ್ಯೆ ಎರಡನ್ನು ಮೀರಿದರೆ ಅರ್ಹತೆ ಇಲ್ಲ. ಮಹಿಳೆಯರಿಗೆ 30 ಶೇಕಡಾ, ಹೋಮ್‌ಗಾರ್ಡ್‌ಗಳಿಗೆ 5 ಶೇಕಡಾ ಸಮಾಂತರ ಮೀಸಲಾತಿ, ಅಂದರೆ ಪ್ರತಿ ವರ್ಗದ ಜಾಗಗಳೊಳಗೇ ತೆಗೆದಿಡುವ ಪಾಲು ಇದೆ. ಮಾಜಿ ಸೈನಿಕರು, ಕ್ರೀಡಾಪಟುಗಳು, ಪೊಲೀಸರ ಮಕ್ಕಳಿಗೂ ಜಾಗಗಳಿವೆ. 2022ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ ತೃತೀಯ ಲಿಂಗಿಗಳೂ ಅರ್ಜಿ ಹಾಕಬಹುದಾಗಿದೆ. ಹಿಂದಿನ ಭರ್ತಿಗಳಲ್ಲಿ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 450 ರೂಪಾಯಿ, ಮೀಸಲು ವರ್ಗಕ್ಕೆ 350 ರೂಪಾಯಿ ಇತ್ತು.

ಮೈದಾನ

ಮೊದಲು ಅಳತೆ. ಗಂಡಸರ ಎತ್ತರ ಕನಿಷ್ಠ 165 ಸೆಂ.ಮೀ., ಹೆಂಗಸರದು 155 ಸೆಂ.ಮೀ. ಗಂಡಸರ ಎದೆ ಉಸಿರು ತುಂಬದೆ 79 ಸೆಂ.ಮೀ., ತುಂಬಿದಾಗ ಕನಿಷ್ಠ 5 ಸೆಂ.ಮೀ. ಹೆಚ್ಚಬೇಕು. ಮೀಸಲು ಪೊಲೀಸ್ ದಳಕ್ಕೆ ಗಂಡಸರ ಎತ್ತರ 168 ಸೆಂ.ಮೀ. ಇಡೀ ದಿನ ನಿಂತು ದಣಿದ ಮೇಲೆ ಎತ್ತರ ಸ್ವಲ್ಪ ಕಡಿಮೆ ಬರುತ್ತದೆ ಎಂಬುದು ದೇಹದ ಸಹಜ ಗುಣ. 165ರ ಅಂಚಿನಲ್ಲಿರುವವರು ಹಿಂದಿನ ರಾತ್ರಿ ಪ್ಲಾಟ್‌ಫಾರ್ಮಿನ ಮೇಲೆ ಕೂತು ಕಳೆಯದೆ ಚೆನ್ನಾಗಿ ಮಲಗಿ ಬರುವುದಕ್ಕೆ ಇದೂ ಒಂದು ಕಾರಣ. ಎದೆ ಹಿಗ್ಗಿಸುವುದು ವಾರದಲ್ಲಿ ಬರುವ ಕಲೆಯಲ್ಲ. ತೆಳ್ಳಗಿನ ಹುಡುಗರು ಭುಜ ಎತ್ತಿ ಹೊಟ್ಟೆ ಒಳಗೆಳೆದು ಉಸಿರು ತುಂಬುತ್ತಾರೆ, ಆಗ ಟೇಪು ಮೂರು ಸೆಂಟಿಮೀಟರಿಗೇ ನಿಂತುಬಿಡುತ್ತದೆ. ಭುಜ ಸಡಿಲ ಬಿಟ್ಟು ಪಕ್ಕೆಲುಬು ಅಗಲಿಸುವ ಉಸಿರಾಟವನ್ನು ದಿನವೂ ರೂಢಿ ಮಾಡಬೇಕು.

ಶಾರೀರಿಕ ಪರೀಕ್ಷೆಗೆ ಒಟ್ಟು 50 ಅಂಕ. ಗಂಡಸರಿಗೆ 1600 ಮೀಟರ್ ಓಟಕ್ಕೆ 20, 100 ಮೀಟರ್‌ಗೆ 15, ಗುಂಡು ಎಸೆತಕ್ಕೆ 15. ಹೆಂಗಸರಿಗೆ ಉದ್ದದ ಓಟ 800 ಮೀಟರ್, ಅಂಕಗಳು ಅಷ್ಟೇ. ಪೂರ್ತಿ ಅಂಕ ಬೇಕಿದ್ದರೆ ಗಂಡಸರು 1600 ಮೀಟರನ್ನು 5 ನಿಮಿಷ 10 ಸೆಕೆಂಡಿನಲ್ಲಿ, 100 ಮೀಟರನ್ನು 11.50 ಸೆಕೆಂಡಿನಲ್ಲಿ ಮುಗಿಸಬೇಕು. 7.260 ಕಿಲೋ ಗುಂಡನ್ನು 8.50 ಮೀಟರ್ ದೂರ ಎಸೆಯಬೇಕು. ಹೆಂಗಸರಿಗೆ 800 ಮೀಟರ್ 2 ನಿಮಿಷ 50 ಸೆಕೆಂಡು, 100 ಮೀಟರ್ 14 ಸೆಕೆಂಡು, 4 ಕಿಲೋ ಗುಂಡು 6 ಮೀಟರ್. ಅದಕ್ಕಿಂತ ತಡವಾದಂತೆ, ಹತ್ತಿರ ಬಿದ್ದಂತೆ ಅಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ.

50ರಲ್ಲಿ 25 ಬಂದರೆ ಪಾಸು ಎಂದು ನಿಯಮ ಹೇಳುತ್ತದೆ, ಆದರೆ ಅದನ್ನು ನಂಬಿ ಕೂರಬಾರದು. ಒಂದು ಹುದ್ದೆಗೆ ಹತ್ತು ಜನರಂತೆ ಮಾತ್ರ ಲಿಖಿತ ಪರೀಕ್ಷೆಗೆ ಕರೆಯುತ್ತಾರೆ. ಸ್ಪರ್ಧೆ ಹೆಚ್ಚಿದ್ದಾಗ ಕರೆ ಬರುವ ಅಂಕ 25ಕ್ಕಿಂತ ಎಷ್ಟೋ ಮೇಲಿರುತ್ತದೆ.

1600 ಮೀಟರ್ ಎಂದರೆ 400 ಮೀಟರಿನ ನಾಲ್ಕು ಸುತ್ತು. 5 ನಿಮಿಷ 10 ಸೆಕೆಂಡನ್ನು ನಾಲ್ಕರಿಂದ ಭಾಗಿಸಿದರೆ ಸುತ್ತಿಗೆ 77 ಸೆಕೆಂಡು ಚಿಲ್ಲರೆ. ಹೆಚ್ಚಿನವರು ಸೋಲುವುದು ಮೊದಲ ಸುತ್ತಿನಲ್ಲೇ. ಸೀಟಿ ಊದಿದೊಡನೆ ಗುಂಪಿನ ಜೊತೆ ಎದ್ದುಬಿದ್ದು 65 ಸೆಕೆಂಡಿನಲ್ಲಿ ಮೊದಲ ಸುತ್ತು ಮುಗಿಸುತ್ತಾರೆ, ಮೂರನೇ ಸುತ್ತಿಗೆ ತೊಡೆ ಕಲ್ಲಾಗುತ್ತದೆ. ಮೊದಲ ಸುತ್ತನ್ನು 76ರಿಂದ 78 ಸೆಕೆಂಡಿನೊಳಗೆ ಹಿಡಿದಿಟ್ಟುಕೊಳ್ಳುವ ಸಂಯಮವನ್ನು ಅಭ್ಯಾಸದಲ್ಲೇ ಕಲಿಯಬೇಕು. ಅದಕ್ಕೆ ಗಡಿಯಾರ ಹಿಡಿದು 400 ಮೀಟರಿನ ತುಂಡುಗಳನ್ನು ಓಡಬೇಕು, ನಡುವೆ ಎರಡು ನಿಮಿಷ ನಡೆಯಬೇಕು. ಜುಹು ಅಥವಾ ಗಿರಗಾಂವ್ ಚೌಪಾಟಿಯ ಮರಳಿನ ಓಟ ಮೀನಖಂಡಕ್ಕೆ ಬಲ ಕೊಡುತ್ತದೆ, ವೇಗದ ಅಂದಾಜು ಕೊಡುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಅಳತೆ ಮಾಡಿದ ಗಟ್ಟಿ ನೆಲದ ಮೇಲೆ ಓಡಲೇಬೇಕು. ಈಗ ಓಟದ ಸಮಯವನ್ನು ಚಿಪ್ ಮೂಲಕ ದಾಖಲಿಸುವ ವ್ಯವಸ್ಥೆ ಬಂದಿದೆ. ಕೊಟ್ಟ ಚಿಪ್ ಸರಿಯಾಗಿ ಕಟ್ಟಿದೆಯೇ, ಎದೆಯ ಸಂಖ್ಯೆ ತನ್ನದೇ ಹೌದೇ ಎಂದು ಗೆರೆಯ ಹತ್ತಿರ ನಿಲ್ಲುವ ಮೊದಲೇ ನೋಡಿಕೊಳ್ಳಬೇಕು.

ಗುಂಡು ಎಸೆತವನ್ನು ಕಡೆಗಣಿಸುವವರೇ ಜಾಸ್ತಿ, 15 ಅಂಕ ಅಲ್ಲೇ ಬಿದ್ದಿರುತ್ತದೆ. ಕ್ರಿಕೆಟ್ ಚೆಂಡಿನಂತೆ ತೋಳಿನಿಂದ ಬೀಸಿದರೆ ಮೊಣಕೈ ನೋಯುತ್ತದೆ, ಗುಂಡು ಐದು ಮೀಟರಿಗೆ ಬೀಳುತ್ತದೆ. ಗುಂಡು ಕುತ್ತಿಗೆಗೆ ಒತ್ತಿರಬೇಕು, ಬಲ ಹಿಂಗಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಏರಬೇಕು, ಕೊನೆಯಲ್ಲಿ ಮಾತ್ರ ಕೈ ತಳ್ಳಬೇಕು. ಎಸೆದ ರಭಸದಲ್ಲಿ ಮುಂದಿನ ಗೆರೆ ದಾಟಿದರೆ ಫೌಲ್.

ಇಲ್ಲಿ ಒಂದು ಗಂಭೀರ ಮಾತು ಹೇಳಲೇಬೇಕು. 2014ರ ಜೂನ್‌ನಲ್ಲಿ ಮುಂಬೈ ಭರ್ತಿಯ 5 ಕಿಲೋಮೀಟರ್ ಓಟದಲ್ಲಿ ಯುವಕರು ಪ್ರಾಣ ಕಳೆದುಕೊಂಡರು. ಮುಂಬೈಯ ಸೆಕೆ ಬಿಸಿಲಿಗಿಂತ ತೇವಕ್ಕೆ ಹೆಸರಾದದ್ದು, ಬೆವರು ಆರದಿದ್ದರೆ ದೇಹ ತಣಿಯುವುದಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಬಂದು, ಬೆಳಗ್ಗೆ ಏನೂ ತಿನ್ನದೆ, ಯಾರೋ ಕೊಟ್ಟ ಉತ್ತೇಜಕ ಮಾತ್ರೆ ನುಂಗಿ ಓಡುವುದು ಸಾವಿನ ಜೊತೆ ಆಡುವ ಆಟ. ಎರಡು ಗಂಟೆ ಮೊದಲು ಬಾಳೆಹಣ್ಣು, ಎರಡು ಇಡ್ಲಿಯಂಥ ಹಗುರ ತಿಂಡಿ, ಹಿಂದಿನ ದಿನದಿಂದಲೇ ನೀರು, ಜೊತೆಗೆ ಉಪ್ಪು-ಸಕ್ಕರೆಯ ದ್ರಾವಣ ಇಟ್ಟುಕೊಳ್ಳಬೇಕು. ತಲೆ ಸುತ್ತಿ, ಚಳಿಯಾದಂತೆ ಅನ್ನಿಸಿದರೆ ನಿಲ್ಲಬೇಕು. ಭರ್ತಿ ಮತ್ತೆ ಬರುತ್ತದೆ.

ಲಿಖಿತ ಪರೀಕ್ಷೆ

100 ಅಂಕ, 90 ನಿಮಿಷ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು, ಎಲ್ಲವೂ ಮರಾಠಿಯಲ್ಲಿ. ಗಣಿತ, ಬುದ್ಧಿಮತ್ತೆ, ಮರಾಠಿ ವ್ಯಾಕರಣ, ಸಾಮಾನ್ಯ ಜ್ಞಾನ ಮತ್ತು ಪ್ರಚಲಿತ ವಿದ್ಯಮಾನ ಇವು ವಿಷಯಗಳು. ಚಾಲಕ ಹುದ್ದೆಗೆ ಮೋಟಾರು ವಾಹನ ನಿಯಮಗಳೂ ಸೇರುತ್ತವೆ. 40 ಅಂಕ ಬರಲೇಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮೈದಾನದ 50, ಇದರ 100 ಸೇರಿಸಿ 150ಕ್ಕೆ ಮೆರಿಟ್ ಪಟ್ಟಿ.

ವಡಾಲಾದಲ್ಲೋ ಫೋರ್ಟಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಮಾತಿನ ಮರಾಠಿಯಲ್ಲಿ ಚುರುಕು, ವ್ಯಾಕರಣದಲ್ಲಿ ಎಡವುತ್ತಾರೆ. ಎಡವುವ ಜಾಗ ಬಹುತೇಕ ಒಂದೇ. ಕನ್ನಡದಲ್ಲಿ ನಿರ್ಜೀವ ವಸ್ತುವೆಲ್ಲ ನಪುಂಸಕ ಲಿಂಗ, ಮರಾಠಿಯಲ್ಲಿ ಕಲ್ಲು ಪುಲ್ಲಿಂಗ, ಗೋಡೆ ಸ್ತ್ರೀಲಿಂಗ, ಪುಸ್ತಕ ನಪುಂಸಕ. ಭೂತಕಾಲದ ಕ್ರಿಯಾಪದ ಹಲವೆಡೆ ತಿನ್ನುವವನನ್ನಲ್ಲ, ತಿಂದ ವಸ್ತುವನ್ನು ಅನುಸರಿಸುತ್ತದೆ: ‘ಮೀ ಆಂಬಾ ಖಾಲ್ಲಾ’ (ನಾನು ಮಾವು ತಿಂದೆ), ‘ಮೀ ಪೋಳಿ ಖಾಲ್ಲೀ’ (ನಾನು ಚಪಾತಿ ತಿಂದೆ). ಕರ್ತರಿ, ಕರ್ಮಣಿ, ಭಾವೇ ಎಂಬ ಮೂರು ಪ್ರಯೋಗಗಳ ಪ್ರಶ್ನೆ ನಿಂತಿರುವುದೇ ಇದರ ಮೇಲೆ. ಇದೊಂದನ್ನು ಗಟ್ಟಿ ಮಾಡಿಕೊಂಡರೆ ಸಮಾಸ, ಸಂಧಿ, ಅಲಂಕಾರಗಳು ನಮಗೆ ಹೊಸತಲ್ಲ, ಶಾಲೆಯ ಕನ್ನಡ ವ್ಯಾಕರಣದಲ್ಲೇ ಅವನ್ನು ಕಲಿತಿರುತ್ತೇವೆ. ಗಾದೆ ಮತ್ತು ನುಡಿಗಟ್ಟುಗಳಿಗೆ ಮಾತ್ರ ದಿನಪತ್ರಿಕೆ ಓದುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆಯ್ಕೆಯಾದ ಮೇಲೂ ಎರಡು ಮೆಟ್ಟಿಲು

ವೈದ್ಯಕೀಯ ತಪಾಸಣೆಯಲ್ಲಿ ಬಣ್ಣಗುರುಡು, ಮೊಣಕಾಲು ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಉಬ್ಬಿದ ನರಗಳಂಥವನ್ನು ನೋಡುತ್ತಾರೆ. ವರ್ಷಗಟ್ಟಲೆ ತಯಾರಿ ಮಾಡುವ ಮೊದಲೇ ಒಮ್ಮೆ ಸರ್ಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಾಲು ತೋರಿಸಿಕೊಂಡರೆ ಒಳ್ಳೆಯದು.

ಇನ್ನೊಂದು ಚಾರಿತ್ರ್ಯ ತಪಾಸಣೆ. ಸಾಕ್ಷಾಂಕನ ನಮೂನೆ ಎಂಬ ಫಾರಂನಲ್ಲಿ ನಿಮ್ಮ ಮೇಲೆ ಎಂದಾದರೂ ಎಫ್‌ಐಆರ್ ಆಗಿದೆಯೇ, ಬಂಧನವಾಗಿದೆಯೇ, ಖುಲಾಸೆಯಾಗಿದೆಯೇ ಎಂದು ಕೇಳುತ್ತಾರೆ. ಗಲ್ಲಿಯ ಜಗಳ, ದಹಿಹಂಡಿಯ ಗದ್ದಲ, ಊರಿನಲ್ಲಿ ಜಮೀನಿನ ತಕರಾರಿನಲ್ಲಿ ಮನೆಯವರೆಲ್ಲರ ಹೆಸರು ಸೇರಿಸಿ ಹಾಕಿದ ಕೇಸು ಇವೆಲ್ಲ ಲೆಕ್ಕಕ್ಕೆ ಬರುತ್ತವೆ, ಕರ್ನಾಟಕದ ಠಾಣೆಯಲ್ಲಿದ್ದರೂ. ರಾಜಿಯಾಗಿದೆ, ಕೇಸು ಬಿದ್ದುಹೋಗಿದೆ ಎಂದು ‘ಇಲ್ಲ’ ಎಂದು ಬರೆಯಬಾರದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದ ಮಾರ್ಗಸೂಚಿ ಕೊಟ್ಟಿದೆ. ನಿಜ ಬರೆದವರ ಪ್ರಕರಣದ ಸ್ವರೂಪ ನೋಡಿ ಇಲಾಖೆ ನಿರ್ಧರಿಸುತ್ತದೆ, ಮುಚ್ಚಿಟ್ಟವರ ನೇಮಕವನ್ನು ಮುಚ್ಚಿಟ್ಟ ಕಾರಣಕ್ಕೇ ರದ್ದು ಮಾಡಬಹುದು. ಸಣ್ಣ ಕೇಸಿಗಿಂತ ದೊಡ್ಡ ಕಂಟಕ ಸುಳ್ಳು.

ನಂತರ ಮರೋಳ್, ಖಂಡಾಳಾ, ನಾನವೀಜ್, ಸೋಲಾಪುರ, ಜಾಲನಾ ಮೊದಲಾದ ಪೊಲೀಸ್ ತರಬೇತಿ ಶಾಲೆಗಳಲ್ಲಿ ಹಲವು ತಿಂಗಳ ಮೂಲ ತರಬೇತಿ. ಕವಾಯತು, ಶಸ್ತ್ರ, ಗುಂಪು ನಿಯಂತ್ರಣ, ಪ್ರಥಮ ಚಿಕಿತ್ಸೆ ಒಂದು ಕಡೆ, ಕಾನೂನಿನ ತರಗತಿ ಇನ್ನೊಂದು ಕಡೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿರುವುದರಿಂದ ಹಳೆಯ ದಂಡ ಸಂಹಿತೆಯ 302 (ಕೊಲೆ), 420 (ವಂಚನೆ) ಎಂಬ ಬಾಯಿಪಾಠ ಹೊಸ ಅಪರಾಧಗಳಿಗೆ ಉಪಯೋಗಕ್ಕಿಲ್ಲ. ಹಳೆಯ ಗೈಡುಗಳನ್ನು ಕೊಳ್ಳುವಾಗ ಇದನ್ನು ನೆನಪಿಡಬೇಕು.

ಠಾಣೆಯೊಳಗಿನ ಕೆಲಸ

ಮುಂಬೈಯಲ್ಲಿ ಹೊಸ ಶಿಪಾಯಿ ನೇರ ಠಾಣೆಗೆ ಹೋಗುವುದು ಅಪರೂಪ. ಮೊದಲು ನಾಯಗಾಂವ್, ತಾಡದೇವ್, ವರ್ಳಿ, ಮರೋಳ್ ಕಡೆಯ ಸಶಸ್ತ್ರ ಪೊಲೀಸ್ ವಿಭಾಗಗಳಲ್ಲಿ ಗಾರ್ಡ್ ಕೆಲಸ, ಆರ್ಥರ್ ರೋಡ್ ಜೈಲಿನಿಂದ ಕೋರ್ಟಿಗೆ ಕೈದಿಗಳನ್ನು ಕರೆದೊಯ್ಯುವುದು, ಬಂದೋಬಸ್ತು. ಗಣೇಶೋತ್ಸವದ ವಿಸರ್ಜನೆ, ಡಿಸೆಂಬರ್ 6ರಂದು ಅಂಬೇಡ್ಕರ್ ಸ್ಮಾರಕವಾದ ಚೈತ್ಯಭೂಮಿಗೆ ಬರುವ ಜನ, ಬಾಂದ್ರಾದ ಮೌಂಟ್ ಮೇರಿ ಜಾತ್ರೆ, ಮಾಹಿಮ್ ಉರುಸು ಹೀಗೆ ವರ್ಷವಿಡೀ ಈ ನಗರ ರಸ್ತೆಯ ಮೇಲಿರುತ್ತದೆ, ಪೊಲೀಸರೂ ಇರುತ್ತಾರೆ.

ಠಾಣೆಯ ಮುಖ್ಯಸ್ಥರು ಸೀನಿಯರ್ ಪಿಐ, ಅಂದರೆ ಹಿರಿಯ ಪೊಲೀಸ್ ಇನ್‌ಸ್ಪೆಕ್ಟರ್. ಅವರ ಕೈಕೆಳಗೆ ಇನ್‌ಸ್ಪೆಕ್ಟರುಗಳು, ಎಪಿಐ (ಸಹಾಯಕ ಇನ್‌ಸ್ಪೆಕ್ಟರ್), ಪಿಎಸ್‌ಐ, ಎಎಸ್‌ಐ, ಹವಾಲ್ದಾರ್, ಶಿಪಾಯಿ. ಹವಾಲ್ದಾರ್ ಮತ್ತು ಶಿಪಾಯಿಯ ನಡುವಿದ್ದ ಪೊಲೀಸ್ ನಾಯಿಕ್ ಹುದ್ದೆಯನ್ನು 2022ರಲ್ಲಿ ಕೈಬಿಡಲಾಯಿತು. ಶಿಪಾಯಿಯ ಪಾಲಿಗೆ ಬೀಟ್ ಗಸ್ತು, ನಾಕಾಬಂದಿ, 112ಕ್ಕೆ ಬಂದ ಕರೆಗೆ ಓಡುವುದು, ಸಮನ್ಸ್ ಮತ್ತು ವಾರಂಟ್ ಜಾರಿ, ಪಾಸ್‌ಪೋರ್ಟ್ ತಪಾಸಣೆ, ಅಸಹಜ ಸಾವಿನ ಕಾಗದ, ಆಸ್ಪತ್ರೆಯಲ್ಲಿ ಗಾಯಾಳುವಿನ ಪಕ್ಕ ಕೂರುವುದು, ಕೋರ್ಟಿನ ತಾರೀಖು ನೋಡಿಕೊಳ್ಳುವುದು ಎಲ್ಲವೂ ಬರುತ್ತದೆ. ಮಹಾರಾಷ್ಟ್ರ ಪೊಲೀಸ್ ಕಾಯಿದೆಯ 28ನೇ ಕಲಮಿನಂತೆ ಪೊಲೀಸ್ ಅಧಿಕಾರಿ ಸದಾ ಕರ್ತವ್ಯದಲ್ಲಿರುವವರೆಂದೇ ಲೆಕ್ಕ. ರಜೆಯಲ್ಲಿ ಲೋಕಲ್‌ನಲ್ಲಿ ಹೋಗುತ್ತಿದ್ದಾಗ ಕಣ್ಣೆದುರು ಅಪರಾಧ ನಡೆದರೆ ‘ನನ್ನ ಡ್ಯೂಟಿ ಅಲ್ಲ’ ಎನ್ನುವಂತಿಲ್ಲ.

ದೂರು ಬರೆದುಕೊಳ್ಳುವ ಮೇಜೇ ಠಾಣೆಯ ಹೃದಯ. ಮುಂಬೈಯಲ್ಲಿ ದಿನನಿತ್ಯದ ಉದಾಹರಣೆ ನೋಡಿ. ದಾದರ್ ಮತ್ತು ಕುರ್ಲಾ ನಡುವೆ ಲೋಕಲ್‌ನಲ್ಲಿ ಚೀಲ ಕಳವಾಗಿ, ಪ್ರಯಾಣಿಕ ಇಳಿದು ಹತ್ತಿರದ ನಗರ ಠಾಣೆಗೆ ಬರುತ್ತಾನೆ. ಇದು ರೈಲ್ವೆ ಪೊಲೀಸರ ವ್ಯಾಪ್ತಿ ಎಂದು ಕೈ ತೋರಿಸಿ ಕಳಿಸುವುದು ತಪ್ಪು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ವ್ಯಾಪ್ತಿ ಯಾವುದಾದರೂ ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ದಾಖಲಿಸಿಕೊಳ್ಳಬೇಕು, ಸೊನ್ನೆ ಸಂಖ್ಯೆ ಕೊಟ್ಟು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ವಿದ್ಯುನ್ಮಾನ ಮಾರ್ಗದಲ್ಲಿ ದೂರು ಕೊಟ್ಟವರು ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ಪ್ರತಿ ಉಚಿತ. ಸಂಜ್ಞೇಯವಲ್ಲದ ದೂರನ್ನು ಎನ್‌ಸಿ ಎಂದು ಬರೆದುಕೊಳ್ಳುತ್ತಾರೆ, ಅದರ ತನಿಖೆಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿಯ ಹೆಂಗಸೊಬ್ಬಳು ಕೂಲಿ ಬಾಕಿ, ಹೊಡೆತ, ಬೆದರಿಕೆ ಮೂರನ್ನೂ ಒಂದೇ ಉಸಿರಿನಲ್ಲಿ ಕನ್ನಡದಲ್ಲಿ ಹೇಳುವಾಗ, ಅದರಲ್ಲಿ ಯಾವುದು ಸಂಜ್ಞೇಯ ಎಂದು ಬಿಡಿಸಿ ಮರಾಠಿಯಲ್ಲಿ ಸರಿಯಾಗಿ ಬರೆಯಬಲ್ಲ ಶಿಪಾಯಿ ಎದುರಿಗಿದ್ದರೆ ಆಕೆಯ ಪ್ರಕರಣದ ಹಣೆಬರಹವೇ ಬದಲಾಗುತ್ತದೆ. ಮನೆಮಾತು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಹತಾರ.

ಬಂಧನದಲ್ಲಿ ಆಗುವ ತಪ್ಪುಗಳು ಪೊಲೀಸರನ್ನೇ ಕಟಕಟೆಯ ಬಳಿ ನಿಲ್ಲಿಸುತ್ತವೆ. ಬಂಧಿಸುವವರ ಎದೆಯ ಮೇಲೆ ಹೆಸರು ಕಾಣಬೇಕು, ಬಂಧನದ ಮೆಮೊಗೆ ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯನ್ನು ಬಂಧಿಸುವುದು ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು.

ಜಪ್ತಿ ಪಂಚನಾಮೆ ಇನ್ನೂ ಸೂಕ್ಷ್ಮ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧ ಮತ್ತು ಜಪ್ತಿಯನ್ನು ಆರಂಭದಿಂದ ಸಹಿ ಹಾಕುವವರೆಗೆ ಧ್ವನಿ ಸಹಿತ ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಕಾನೂನು ಹೇಳುತ್ತದೆ. ಅವರು ಬರುವವರೆಗೆ ಆ ಜಾಗ ಕಾಯುವವನು ಶಿಪಾಯಿಯೇ. ಚಾಳಿನ ಹತ್ತಡಿ ಖೋಲಿಯಲ್ಲಿ ಕೊಲೆಯಾಗಿದ್ದರೆ ಅಕ್ಕಪಕ್ಕದ ನಲವತ್ತು ಜನ ಇಣುಕಿ, ಯಾರೋ ಒಬ್ಬರು ಲೋಟ ಎತ್ತಿಟ್ಟು, ಇನ್ನೊಬ್ಬರು ನೆಲ ಒರೆಸಿಬಿಟ್ಟರೆ ಬೆರಳಚ್ಚು, ರಕ್ತದ ಗುರುತು ಎರಡೂ ಹೋದವು. ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ವಸ್ತುವಿನ ಮೇಲಿನ ಮೊಹರು, ಚೀಟಿಯ ಸಂಖ್ಯೆ, ಕಲೀನಾದ ಪ್ರಯೋಗಾಲಯಕ್ಕೆ ಕೊಂಡೊಯ್ದ ದಿನ ಇವು ರಿಜಿಸ್ಟರಿನಲ್ಲಿ ಒಂದು, ಪಂಚನಾಮೆಯಲ್ಲಿ ಇನ್ನೊಂದು ಇದ್ದರೆ ವಕೀಲರಿಗೆ ಅಷ್ಟೇ ಸಾಕು. ಮಾದಕ ವಸ್ತುವಿನ ಕೇಸಿನಲ್ಲಿ ಮೈ ತಪಾಸಣೆಗೆ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಮಾಡಿಸಿಕೊಳ್ಳುವ ಹಕ್ಕಿದೆ ಎಂದು ತಿಳಿಸದೆ ಹೋದ ಕಾರಣಕ್ಕೇ ಆರೋಪಿಗಳು ಬಿಡುಗಡೆಯಾಗಿದ್ದಾರೆ.

ಗುಂಪು ಚದುರಿಸಲು ಬಲ ಬಳಸುವ ತೀರ್ಮಾನ ಶಿಪಾಯಿಯದಲ್ಲ. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅವರಿಲ್ಲದಾಗ ಕನಿಷ್ಠ ಪಿಎಸ್‌ಐ ದರ್ಜೆಯವರು ಆದೇಶ ಕೊಡಬೇಕು. ಆದರೆ ಆದೇಶ ಕಾಯಲು ಸಮಯವೇ ಇಲ್ಲದ ಗಳಿಗೆಗಳೂ ಬರುತ್ತವೆ. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯ ನಾಕಾಬಂದಿಯಲ್ಲಿ ಎಎಸ್‌ಐ ತುಕಾರಾಮ್ ಓಂಬಳೆ ಕೈಯಲ್ಲಿ ಬರೀ ಲಾಠಿ ಇದ್ದರೂ ಕಸಬ್‌ನ ಬಂದೂಕನ್ನು ಬಿಗಿಯಾಗಿ ಹಿಡಿದು ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು.

ಸಮಯ, ಸಂಬಳ, ಮೇಲಿನ ಮೆಟ್ಟಿಲು

ಹನ್ನೆರಡು ಗಂಟೆಯ ಪಾಳಿ ಮುಂಬೈ ಪೊಲೀಸರ ಹಳೆಯ ಕಷ್ಟ. ಎಂಟು ಗಂಟೆಯ ಪಾಳಿಯ ಪ್ರಯೋಗ 2016ರಲ್ಲಿ ದೇವನಾರ್ ಠಾಣೆಯಲ್ಲಿ ಶುರುವಾಯಿತು, ಆ ಯೋಜನೆಯನ್ನು ಸಿದ್ಧಪಡಿಸಿದ್ದು ಒಬ್ಬ ಶಿಪಾಯಿ ಎಂಬುದು ಹೆಮ್ಮೆಯ ವಿಷಯ. ಆದರೂ ಹಬ್ಬ, ಚುನಾವಣೆ, ಗಣ್ಯರ ಭೇಟಿ ಬಂದಾಗ ಗಂಟೆಯ ಲೆಕ್ಕ ಉಳಿಯುವುದಿಲ್ಲ. ವಸತಿ ಸಿಗದವರು ಕಲ್ಯಾಣ, ವಿರಾರ್, ಪನ್ವೇಲ್‌ನಿಂದ ಓಡಾಡುತ್ತಾರೆ, ಪ್ರಯಾಣದ ಹೊತ್ತು ಪಾಳಿಯ ಮೇಲೆ ಸೇರುತ್ತದೆ. ಮನೆಯವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಏಳನೇ ವೇತನ ಆಯೋಗದಂತೆ ಶಿಪಾಯಿಯ ಮೂಲ ವೇತನ ಶ್ರೇಣಿ 21,700ರಿಂದ 69,100 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಇತ್ಯಾದಿ. ಪಿಎಸ್‌ಐಗೆ 38,600ರಿಂದ 1,22,800. ಪಿಎಸ್‌ಐ ಹುದ್ದೆಗಳಲ್ಲಿ ಅರ್ಧ ನೇರ ನೇಮಕಕ್ಕೆ, ಉಳಿದರ್ಧದಲ್ಲಿ ಒಂದು ಪಾಲು ಸೇವಾ ಹಿರಿತನದ ಬಡ್ತಿಗೆ, ಇನ್ನೊಂದು ಪಾಲು ಇಲಾಖೆಯೊಳಗಿನವರಿಗಷ್ಟೇ ನಡೆಯುವ ಸೀಮಿತ ಪರೀಕ್ಷೆಗೆ ಎಂದು ನಿಯಮದಲ್ಲಿ ಹಂಚಿಕೆಯಾಗಿದೆ. ಹಿರಿತನದ ದಾರಿ ನಿಧಾನ, ಶಿಪಾಯಿಯಾಗಿ ಸೇರಿದವರು ಎಎಸ್‌ಐ ಆಗುವ ಹೊತ್ತಿಗೆ ನಿವೃತ್ತಿ ಹತ್ತಿರ ಬಂದಿರುತ್ತದೆ. ಹಾಗಾಗಿ ಸೇರಿದ ಮೊದಲ ವರ್ಷದಲ್ಲೇ ಪದವಿಗೆ ಹೆಸರು ಹಚ್ಚಿಕೊಂಡು, ಠಾಣೆಯ ಕೆಲಸದಲ್ಲಿ ಕಲಿತ ಕಾನೂನನ್ನೇ ಓದಿನ ಬಂಡವಾಳ ಮಾಡಿಕೊಂಡು, ನೇರ ಪರೀಕ್ಷೆ ಮತ್ತು ಇಲಾಖೆಯ ಪರೀಕ್ಷೆ ಎರಡಕ್ಕೂ ಕಣ್ಣಿಟ್ಟಿರುವುದೇ ಸರಿ.